ಹವಳದ ದಿಬ್ಬದಲ್ಲಿ ಫಿಲಿಡಿಯಾ ವೆರಿಕೋಸಾ ಗುರುತಿಸುವುದು ಹೇಗೆ? ಸೀ ಸ್ಲಗ್ ಹುಚ್ಚು ಹಿಡಿದವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಕಪ್ಪು, ನೀಲಿ ಬೆರೆತ ಬೂದಿ, ಅರಿಶಿನ. ಈ ಮೂರು ಬಣ್ಣ ಹೊತ್ತ ಫಿಲಿಡಿಯಾ ವೆರಿಕೋಸಾ ಎಂಬ ಸೀ ಸ್ಲಗ್ ಕೆಂಪು ಸಮುದ್ರದಿಂದ ಹವಾಯಿವರೆಗೆ ಬೆಚ್ಚಗಿನ ನೀರಿನ ಹವಳದ ದಿಬ್ಬಗಳಲ್ಲಿ ಸಿಗುತ್ತದೆ. ನಮ್ಮ ಲಕ್ಷದ್ವೀಪ, ಅಂಡಮಾನ್‌ಗಳಲ್ಲೂ ಇದೆ. ಹಾಡಹಗಲೇ ಬಂಡೆಯ ಮೇಲೆ ಬಯಲಲ್ಲಿ ಓಡಾಡುತ್ತದೆ. ಓಡಾಡುತ್ತದೆ ಅನ್ನುವುದು ದೊಡ್ಡ ಮಾತಾಯಿತು, ತೆವಳುತ್ತದೆ. ಹಾಗಾಗಿ ಸೀ ಸ್ಲಗ್ ಹುಡುಕುವುದನ್ನು ಈಗಷ್ಟೇ ಶುರುಮಾಡಿದವರ ಕಣ್ಣಿಗೂ ಇದು ಬೇಗ ಬೀಳುತ್ತದೆ.

ಕಣ್ಣಿಗೆ ಬೀಳುವುದು ಸುಲಭ, ಹೆಸರು ಹೇಳುವುದು ಕಷ್ಟ. ಅದೇ ದಿಬ್ಬದಲ್ಲಿ ಹೆಚ್ಚುಕಮ್ಮಿ ಅದೇ ಬಣ್ಣದ ನಾಲ್ಕೈದು ದಾಯಾದಿಗಳು ಇರುತ್ತವೆ. ಸಾಲದ್ದಕ್ಕೆ ವೇಷ ಹಾಕಿಕೊಂಡ ಚಪ್ಪಟೆ ಹುಳು ಒಂದು, ಕಡಲ ಸೌತೆ (ಸೀ ಕುಕುಂಬರ್) ಎಂಬ ಪ್ರಾಣಿಯ ಮರಿ ಒಂದು. ಬರೀ ಬಣ್ಣ ನೋಡಿ ಹೆಸರಿಟ್ಟರೆ ತಪ್ಪುವ ಸಾಧ್ಯತೆಯೇ ಜಾಸ್ತಿ. ಯಾವ ಬಣ್ಣ ಇದೆ ಅನ್ನುವುದಕ್ಕಿಂತ ಆ ಬಣ್ಣ ಮೈಯ ಯಾವ ಜಾಗದಲ್ಲಿ ಕೂತಿದೆ ಅನ್ನುವುದನ್ನು ನೋಡಬೇಕು. ಕೆಳಗಿನ ಹಂತಗಳೆಲ್ಲ ಇದನ್ನೇ ಕಲಿಸುತ್ತವೆ.

ಮೊದಲು ಮೈಯ ಭಾಗಗಳ ಪರಿಚಯ

ಸೀ ಸ್ಲಗ್ ಎಂದರೆ ಬೆಳೆದ ಮೇಲೆ ಚಿಪ್ಪು ಇಲ್ಲದ, ಅಥವಾ ಹೆಸರಿಗಷ್ಟೇ ಇರುವ, ಕಡಲ ಬಸವನಹುಳು. ಅವುಗಳಲ್ಲಿ ದೊಡ್ಡ ಗುಂಪು ನ್ಯೂಡಿಬ್ರಾಂಕ್. ನಮ್ಮ ಫಿಲಿಡಿಯಾ ಅದೇ ಗುಂಪಿನದು. ಫ್ರಾನ್ಸಿನ ಜೀವಶಾಸ್ತ್ರಜ್ಞ ಲಮಾರ್ಕ್ 1801ರಲ್ಲೇ ಇದಕ್ಕೆ ಈ ಹೆಸರು ಕೊಟ್ಟರು. ಆಮೇಲೆ ಬೇರೆ ಬೇರೆ ಕಡಲಲ್ಲಿ ಇದನ್ನೇ ಕಂಡವರು ಹೊಸ ಜಾತಿ ಅಂದುಕೊಂಡು ಬೇರೆ ಹೆಸರುಗಳನ್ನೂ ಇಟ್ಟರು. ಹಳೆಯ ಪುಸ್ತಕಗಳಲ್ಲಿ ಫಿಲಿಡಿಯಾ ಅರಾಬಿಕಾ, ಫಿಲಿಡಿಯಾ ಟ್ರೈಲಿನಿಯೇಟಾ ಎಂದು ಕಂಡರೆ ಗಾಬರಿ ಬೇಡ, ಎಲ್ಲ ಇದೇ.

ಮೇಲಿನಿಂದ ನೋಡಿದರೆ ಉದ್ದನೆಯ ಅಂಡಾಕಾರ. ಬೆನ್ನನ್ನು ಪೂರ್ತಿ ಮುಚ್ಚುವ ದಪ್ಪ, ಗಟ್ಟಿ ಚರ್ಮವೇ ಮ್ಯಾಂಟಲ್. ಇದರ ಅಂಚು ಸುತ್ತಲೂ ಇಳಿಬಿದ್ದಿರುತ್ತದೆ. ಬೆನ್ನ ಮೇಲಿನ ಉಬ್ಬುಗಳನ್ನು ಗುಬುಟು ಎನ್ನೋಣ. ಮುಂಭಾಗದಲ್ಲಿ ಮೇಲಕ್ಕೆ ಎದ್ದು ನಿಂತ ಎರಡು ಕಡ್ಡಿಗಳು ರೈನೋಫೋರ್‌ಗಳು. ನೀರಿನ ವಾಸನೆ ಹಿಡಿಯುವುದು ಇವುಗಳ ಕೆಲಸ. ಮಾತಿಗೆ ಸಲೀಸಾಗಲಿ ಎಂದು ಇಲ್ಲಿ ಅವನ್ನು ಸುಮ್ನೆ ಕೊಂಬು ಎನ್ನುತ್ತೇನೆ. ಹೊಟ್ಟೆಯ ಕಡೆ ಇರುವುದು ಪಾದ, ನೆಲಕ್ಕೆ ತಾಗುವ ಭಾಗ ಅಂಗಾಲು.

ಅಳತೆಯ ಮಾತು: ದೊಡ್ಡವು 11 ಸೆಂಟಿಮೀಟರ್ ದಾಟುತ್ತವೆ. ನಿಮಗೆ ಸಿಗುವವು ಸಾಮಾನ್ಯವಾಗಿ ಅದಕ್ಕಿಂತ ಚಿಕ್ಕವು. ಅಳತೆಯಿಂದ ಜಾತಿ ಹೇಳಲು ಹೋಗಬೇಡಿ, ಪ್ರಯೋಜನವಿಲ್ಲ.

ನೀರಿಗೆ ಇಳಿಯುವ ಮುಂಚೆ

ಮುಖ್ಯವಾಗಿ ಬೇಕಾದದ್ದು ಟಾರ್ಚ್. ಹಗಲಲ್ಲಿ ಟಾರ್ಚ್ ಯಾಕೆ ಅನ್ನಬಹುದು. ನೀರು ಬಣ್ಣಗಳನ್ನು ಒಂದೊಂದಾಗಿ ತಿನ್ನುತ್ತಾ ಹೋಗುತ್ತದೆ. ಮೊದಲು ಹೋಗುವುದು ಕೆಂಪು. ನಾಲ್ಕೈದು ಮೀಟರ್ ಇಳಿಯುವಷ್ಟರಲ್ಲೇ ಅದು ಮಂಕಾಗಿರುತ್ತದೆ. ಆಮೇಲೆ ಕಿತ್ತಳೆ, ಇನ್ನೂ ಕೆಳಗೆ ಹಳದಿ. ಇದು ಬರೀ ಫೋಟೋ ಚೆನ್ನಾಗಿ ಬರುವ ಪ್ರಶ್ನೆ ಅಲ್ಲ. ಗುಲಾಬಿ ಗುಬುಟು ಇರುವ ಒಂದು ದಾಯಾದಿಗೆ ಆಳದಲ್ಲಿ ಕೆಂಪಂಶ ಕಳೆದು ಗುಬುಟುಗಳು ಬೂದು ನೀಲಿಯಾಗಿ ಕಾಣುತ್ತವೆ, ಅಂದರೆ ಥೇಟ್ ವೆರಿಕೋಸಾದ ಬಣ್ಣ! ಟಾರ್ಚ್ ಹತ್ತಿರ ಹಿಡಿದರೆ ಗುಲಾಬಿ ಗುಲಾಬಿಯಾಗೇ ಕಾಣುತ್ತದೆ. ಈ ಗುಂಪಿನ ಮಟ್ಟಿಗೆ ಕ್ಯಾಮೆರಾಕ್ಕಿಂತ ಟಾರ್ಚ್ ಮುಖ್ಯ ಅನ್ನುವುದು ನನ್ನ ಲೆಕ್ಕ.

ಕ್ಯಾಮೆರಾ ಯಾವುದಾದರೂ ನಡೆಯುತ್ತದೆ, ಮ್ಯಾಕ್ರೋ ಮೋಡ್ ಇರಲಿ. ಬರೆದುಕೊಳ್ಳಲು ನೀರೊಳಗಿನ ಸ್ಲೇಟ್ ಇದ್ದರೆ ಒಳ್ಳೆಯದು.

ಜಾಗದ ವಿಷಯ. ನಮ್ಮ ಕಡೆಯ ತುಂಬಾ ಜನ ಮುರ್ಡೇಶ್ವರದಿಂದ ನೇತ್ರಾಣಿಗೆ ಹೋಗಿ ಸ್ಕೂಬಾದ ಮೊದಲ ಪಾಠ ಕಲಿಯುತ್ತಾರೆ. ನೀರಲ್ಲಿ ಅಲ್ಲಾಡದೆ ಒಂದೇ ಮಟ್ಟದಲ್ಲಿ ನಿಲ್ಲುವುದನ್ನು ಅಲ್ಲೇ ಪಳಗಿಸಿಕೊಳ್ಳಿ. ಸೀ ಸ್ಲಗ್ ನೋಡಲು ಅದಿಲ್ಲದೆ ಆಗದು. ಫಿಲಿಡಿಯಾ ಹುಡುಕಿ ಹೋಗುವುದಾದರೆ ಲಕ್ಷದ್ವೀಪ, ಅಂಡಮಾನ್, ಮಾಲ್ಡೀವ್ಸ್, ಇಂಡೋನೇಷ್ಯಾ ಎಲ್ಲವೂ ಸರಿ. ಲಕ್ಷದ್ವೀಪಕ್ಕೆ ಪ್ರವೇಶ ಪರವಾನಗಿ ಮೊದಲೇ ಮಾಡಿಸಿಕೊಳ್ಳಬೇಕು. ಎಲ್ಲರೂ ಡೈವ್ ಮಾಡಲೇಬೇಕು ಅಂತೇನಿಲ್ಲ. ಈ ಪ್ರಾಣಿ ಆಳವಿಲ್ಲದ ನೀರಲ್ಲೂ ಇರುತ್ತದೆ, ಸ್ನಾರ್ಕೆಲ್ ಮಾಡುವವರಿಗೂ ಅವಕಾಶವಿದೆ.

ಒಂದು ಎಚ್ಚರಿಕೆ. ಭಾರತದಲ್ಲಿ ದಿಬ್ಬ ಕಟ್ಟುವ ಹವಳಗಳಿಗೂ ಕಡಲ ಸೌತೆಗಳಿಗೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯ ರಕ್ಷಣೆ ಇದೆ. ಫೋಟೋಕ್ಕೆ ಅಡ್ಡ ಬಂತು ಎಂದು ಹವಳದ ತುಂಡು ಮುರಿದರೆ ಅದು ಅಪರಾಧ.

ಹಂತ 1: ಇದು ಸೀ ಸ್ಲಗ್ ಹೌದಾ?

ಎದುರಿಗಿರುವುದು ಸೀ ಸ್ಲಗ್ಗೇ ಅಂತ ಖಾತ್ರಿ ಮಾಡಿಕೊಳ್ಳದೆ ಮುಂದೆ ಹೋಗಬಾರದು. ಫಿಲಿಡಿಯಾಗಳಿಗೆ ವಿಷವಿದೆ, ಮೀನುಗಳು ಅವನ್ನು ಮುಟ್ಟುವುದಿಲ್ಲ. ಆ ಹೆಸರಿನ ಲಾಭ ಪಡೆಯಲು ಬೇರೆ ಪ್ರಾಣಿಗಳೂ ಅದೇ ವೇಷ ಹಾಕುತ್ತವೆ.

ಒಂದು, ಚಪ್ಪಟೆ ಹುಳು. ಸ್ಯೂಡೊಸೆರೋಸ್ ಇಮಿಟೇಟಸ್ ಎಂಬುದಂತೂ ಫಿಲಿಡಿಯಾದ ದಾಯಾದಿ ಫಿಲಿಡಿಯೆಲ್ಲಾ ಪುಸ್ಟುಲೋಸಾದ ಪಡಿಯಚ್ಚು, ಬೆನ್ನ ಮೇಲೆ ಉಬ್ಬುಗಳನ್ನೂ ಬೆಳೆಸಿಕೊಂಡಿದೆ. ಆದರೆ ಚಪ್ಪಟೆ ಹುಳುವಿನ ಮೈ ತೀರಾ ತೆಳು. ಅಂಚು ಅಲೆಯಲೆಯಾಗಿ ಏಳುತ್ತದೆ. ನೆಲದ ಮೇಲೆ ಜಾರಿಕೊಂಡು ಬೇಗ ಬೇಗ ಹೋಗುತ್ತದೆ. ಮುಂದೆ ಕೊಂಬಿನಂತೆ ಕಾಣುವುದು ಮೈಯ ಅಂಚೇ ಮಡಚಿ ಆದದ್ದು. ಸ್ಲಗ್‌ನ ಕೊಂಬಾದರೆ ಬೆನ್ನಿನಲ್ಲಿರುವ ತೂತಿನಿಂದ ಹೊರಬಂದಿರುತ್ತದೆ, ಹತ್ತಿರದಿಂದ ನೋಡಿದರೆ ಅದರ ಸುತ್ತ ಒತ್ತೊತ್ತಾದ ಪದರಗಳು ಕಾಣುತ್ತವೆ.

ಎರಡು, ಪಿಯರ್ಸೊನೊಥೂರಿಯಾ ಗ್ರೇಫೈ ಎಂಬ ಕಡಲ ಸೌತೆಯ ಮರಿ. ಬೆಳೆದ ಮೇಲೆ ಇದು 30 ಸೆಂಟಿಮೀಟರ್ ದಾಟುವ, ಮಂಕು ಬಣ್ಣದ ಪ್ರಾಣಿ. ಮರಿಯಾಗಿದ್ದಾಗ ಮಾತ್ರ ಬಿಳಿ ನೀಲಿ ಮೈ, ಕಪ್ಪು ಗೆರೆ, ಹಳದಿ ಮುಳ್ಳುಗಳು. ದೂರದಿಂದ ನೋಡಿದರೆ ಅಪ್ಪಟ ಫಿಲಿಡಿಯಾ. ಕೊಂಬು ಹುಡುಕಿ, ಎರಡು ಕೊಂಬು ಸಿಗುವುದಿಲ್ಲ. ಹಳದಿ ಭಾಗಗಳು ಗುಂಡಗಿನ ಗುಬುಟಾಗಿರದೆ ಮೆತ್ತನೆಯ ಮುಳ್ಳಿನ ಹಾಗೆ ಚಾಚಿರುತ್ತವೆ. ಪಕ್ಕದಿಂದ ನೋಡಿದರೆ ಕೆಳಗೆ ಸಣ್ಣ ಸಣ್ಣ ಕೊಳವೆ ಕಾಲುಗಳು ಕಾಣಬಹುದು.

ಹಂತ 2: ಫಿಲಿಡಿಯಾ ಮನೆತನಕ್ಕೆ ಸೇರಿದ್ದಾ?

ಕೇಳಬೇಕಾದ ಪ್ರಶ್ನೆ ಒಂದೇ: ಬೆನ್ನ ಮೇಲೆ ಕಿವಿರಿನ ಕುಚ್ಚು ಇದೆಯಾ?

ಹವಳದ ದಿಬ್ಬದಲ್ಲಿ ಜನ ತುಂಬಾ ನೋಡುವ ಇನ್ನೊಂದು ಬಣ್ಣದ ಗುಂಪು ಕ್ರೋಮೊಡೋರಿಸ್. ಕ್ರೋಮೊಡೋರಿಸ್ ಆನೇ ತೆಗೆದುಕೊಳ್ಳಿ: ನೀಲಿ ಮೈ, ಕಪ್ಪು ಗೆರೆ, ಕಿತ್ತಳೆ ಹಳದಿ ಅಂಚು. ಬಣ್ಣದ ಪಟ್ಟಿ ಬರೆದರೆ ಫಿಲಿಡಿಯಾಗೂ ಇದಕ್ಕೂ ಅಂಥ ವ್ಯತ್ಯಾಸವೇ ಇಲ್ಲ. ಆದರೆ ಅದರ ಚರ್ಮ ನುಣುಪು, ಬೆನ್ನ ಹಿಂಭಾಗದಲ್ಲಿ ಕಿವಿರುಗಳ ಕುಚ್ಚು ಅರಳಿ ನಿಂತಿರುತ್ತದೆ. ಬೆದರಿದರೆ ಆ ಕುಚ್ಚನ್ನು ಒಳಗೆ ಎಳೆದುಕೊಳ್ಳುತ್ತದೆ. ಹಾಗಾಗಿ ಕುಚ್ಚು ಕಾಣಲಿಲ್ಲ ಎಂದ ಕೂಡಲೇ ತೀರ್ಮಾನ ಮಾಡಬೇಡಿ. ಸ್ವಲ್ಪ ಹಿಂದೆ ಸರಿದು, ಅಲ್ಲಾಡದೆ ಕಾಯಿರಿ. ಕುಚ್ಚು ಮತ್ತೆ ಹೊರಗೆ ಬರುತ್ತದೆ.

ಹಾಲ್ಗೆರ್ಡಾ ಎಂಬ ಇನ್ನೊಂದು ಗುಂಪಿಗೆ ಬೆನ್ನಲ್ಲಿ ಉಬ್ಬುಗೆರೆಗಳೂ ಗುಬುಟುಗಳೂ ಎರಡೂ ಇವೆ. ಅವುಗಳಿಗೂ ಕುಚ್ಚು ಇರುತ್ತದೆ.

ಫಿಲಿಡಿಯಾ ಮನೆತನದಲ್ಲಿ ಯಾರಿಗೂ ಬೆನ್ನ ಮೇಲೆ ಕುಚ್ಚು ಇಲ್ಲ. ಅವುಗಳ ಕಿವಿರುಗಳು ಮ್ಯಾಂಟಲ್ ಅಂಚಿನ ಕೆಳಗೆ, ಪಾದದ ಎರಡೂ ಬದಿಯಲ್ಲಿ, ಸಾಲಾಗಿ ಜೋಡಿಸಿದ ಸಣ್ಣ ಎಲೆಗಳ ರೂಪದಲ್ಲಿ ಅಡಗಿರುತ್ತವೆ. ಬೆನ್ನಿನ ತುಂಬಾ ಗುಬುಟುಗಳು, ಚರ್ಮ ಗಡುಸು, ಮುಟ್ಟದೆಯೇ ಗೊತ್ತಾಗುವಷ್ಟು ಗಡುಸು. ಹಲಸಿನ ಹಣ್ಣಿನ ಸಿಪ್ಪೆ ನೋಡಿದವರಿಗೆ ಇದರ ಬೆನ್ನು ಹೊಸದಲ್ಲ.

ಗುಬುಟು ಇದೆ, ಕುಚ್ಚು ಇಲ್ಲ. ಎರಡೂ ಸರಿ ಬಂದರೆ ಮೂರನೇ ಹಂತಕ್ಕೆ ಹೋಗಿ.

ಹಂತ 3: ಕೊಂಬಿನ ಬಣ್ಣ

ಇದು ಚಿಕ್ಕ ಹಂತ, ಆದರೆ ಅರ್ಧ ಗೊಂದಲ ಇಲ್ಲೇ ಕಳೆಯುತ್ತದೆ.

ವೆರಿಕೋಸಾದ ಕೊಂಬುಗಳು ಅರಿಶಿನ ಬಣ್ಣದವು. ಕೊಂಬು ಕಪ್ಪಾಗಿದ್ದರೆ ಅದು ವೆರಿಕೋಸಾ ಅಲ್ಲ, ಬೆನ್ನು ಎಷ್ಟೇ ಹೋಲಲಿ. ಫಿಲಿಡಿಯೆಲ್ಲಾ ಪುಸ್ಟುಲೋಸಾ ಮತ್ತು ಅದರ ಹತ್ತಿರದವುಗಳ ಕೊಂಬು ಕಪ್ಪು. ಕೊಂಬು ಒಳಗೆ ಎಳೆದುಕೊಂಡಿದ್ದರೆ ಮೊದಲಿನಂತೆಯೇ ಕಾಯಬೇಕು, ಬೇರೆ ದಾರಿ ಇಲ್ಲ. ಬೆರಳಿಂದ ತಟ್ಟಿ ಎಬ್ಬಿಸಲು ಹೋದರೆ ಇನ್ನೂ ಒಳಗೆ ಹೋಗುತ್ತದೆ.

ಹಂತ 4: ಬೆನ್ನನ್ನು ಓದುವುದು

ಹೆಚ್ಚು ಹೊತ್ತು ಇಲ್ಲಿ ಕೊಡಿ.

ವೆರಿಕೋಸಾದ ಬೆನ್ನಿನ ತಳ ಕಪ್ಪು. ಅದರ ಮೇಲೆ ತಲೆಯಿಂದ ಬಾಲದ ಕಡೆಗೆ ಉದ್ದುದ್ದ ಹಾಯುವ ನೀಲಿಬೂದು ಉಬ್ಬುಗೆರೆಗಳು, ಸಾಮಾನ್ಯವಾಗಿ ಮೂರರಿಂದ ಆರು. ಗುಬುಟುಗಳು ಈ ಉಬ್ಬುಗೆರೆಗಳ ಮೇಲೆಯೇ ಸಾಲಾಗಿ ಎದ್ದಿರುತ್ತವೆ. ಗುಬುಟಿನ ಬುಡ ಉಬ್ಬುಗೆರೆಯದೇ ನೀಲಿಬೂದು ಬಣ್ಣ, ತುದಿಗೆ ಮಾತ್ರ ಅರಿಶಿನ ಹಚ್ಚಿದ ಹಾಗೆ. ಎರಡು ಉಬ್ಬುಗೆರೆಗಳ ನಡುವಿನ ತಗ್ಗು ಕಪ್ಪು. ಅಂಚಿನ ಕಡೆಗೆ ಬಂದಂತೆ ಗುಬುಟುಗಳು ಚಿಕ್ಕವಾಗುತ್ತವೆ, ಸಣ್ಣ ಅಡ್ಡಗೆರೆಗಳು ಶುರುವಾಗುತ್ತವೆ.

ಇದನ್ನು ಓದುವ ಕ್ರಮ ಹೀಗಿರಲಿ. ಮೊದಲು ಹಳದಿಯನ್ನು ಮರೆತು ಕಪ್ಪನ್ನು ನೋಡಿ. ಕಪ್ಪು ಗೆರೆಗಳು ಎಷ್ಟು, ಉದ್ದಕ್ಕೂ ಹೋಗುತ್ತವಾ, ನಡುವೆ ತುಂಡಾಗುತ್ತವಾ, ಮುಂದೆ ಒಂದಕ್ಕೊಂದು ಕೂಡುತ್ತವಾ? ಆಮೇಲೆ ಉಬ್ಬುಗೆರೆ. ಗುಬುಟುಗಳು ಒಂದಕ್ಕೊಂದು ಅಂಟಿ ಸಾಲಾಗಿವೆಯಾ, ಬಿಡಿ ಬಿಡಿಯಾಗಿ ನಿಂತಿವೆಯಾ, ಮೂರು ನಾಲ್ಕು ಸೇರಿ ಗೊಂಚಲಾಗಿವೆಯಾ? ಕೊನೆಗೆ ಹಳದಿ. ಅದು ತುದಿಯಲ್ಲಿ ಮಾತ್ರ ಇದೆಯಾ, ಇಡೀ ಮೈಗೆ ಹರಡಿದೆಯಾ? ಹಳದಿ ಗುಬುಟು ಎದ್ದಿರುವುದು ನೀಲಿಯ ಮೇಲಾ, ಕಪ್ಪಿನ ನಡುವೆಯಾ?

ಈ ಕೊನೆಯ ಪ್ರಶ್ನೆ ಚಿಲ್ಲರೆ ವಿಷಯದಂತೆ ಕಾಣಬಹುದು. ಮುಂದೆ ಕೊಯ್ಲೆಸ್ಟಿಸ್ ಎಂಬ ದಾಯಾದಿ ಎದುರಾದಾಗ ಇದೇ ಕೈಹಿಡಿಯುತ್ತದೆ.

ಮರಿಗಳ ವಿಷಯದಲ್ಲಿ ಸ್ವಲ್ಪ ಹುಷಾರಾಗಿರಿ. ಚಿಕ್ಕದಿದ್ದಾಗ ಗುಬುಟು ಕಡಿಮೆ, ಉಬ್ಬುಗೆರೆಯೂ ಕಡಿಮೆ. ದೊಡ್ಡದಾಗುತ್ತಾ ಬೆನ್ನು ತುಂಬಿಕೊಳ್ಳುತ್ತದೆ. ಒಂದೆರಡು ಸೆಂಟಿಮೀಟರಿನ ಮರಿಯನ್ನು ಬರೀ ಬೆನ್ನು ನೋಡಿ ಇಂಥದ್ದೇ ಎಂದು ಹೇಳುವವರ ಧೈರ್ಯ ನನಗಿಲ್ಲ.

ಬೆನ್ನ ಹಿಂತುದಿಯ ಹತ್ತಿರ, ನಡುಗೆರೆಯಲ್ಲಿ, ಸಣ್ಣದೊಂದು ರಂಧ್ರ ಇರುತ್ತದೆ. ಅದು ಗುದದ್ವಾರ. ಫೋಟೋ ಹಿಗ್ಗಿಸಿದಾಗ ಗುಬುಟುಗಳ ನಡುವೆ ಕಂಡರೂ ಕಾಣಬಹುದು. ಫಿಲಿಡಿಯಾ ಪಿಕ್ಟಾ ಎಂಬ ದಾಯಾದಿಗೆ ಇದು ಬೆನ್ನ ಮೇಲೆ ಇರುವುದಿಲ್ಲ, ಹಿಂಭಾಗದಲ್ಲಿ ಮ್ಯಾಂಟಲ್‌ಗೂ ಪಾದಕ್ಕೂ ನಡುವೆ ಕೆಳಗಿರುತ್ತದೆ. ಇದೊಂದೇ ಕಾರಣಕ್ಕೆ ಅಂಥವುಗಳನ್ನು ಹಿಂದೆ ಫ್ರೈಯೇರಿಯಾ ಎಂಬ ಬೇರೆ ಕುಲದಲ್ಲಿ ಇಟ್ಟಿದ್ದರು, ಈಗ ಮತ್ತೆ ಫಿಲಿಡಿಯಾಗೇ ಸೇರಿಸಿದ್ದಾರೆ.

ಹಂತ 5: ಅಂಗಾಲಿನ ಕಪ್ಪು ಗೆರೆ

ವೆರಿಕೋಸಾದ ಬೂದು ಅಂಗಾಲಿನ ನಡುವೆ ಉದ್ದಕ್ಕೂ ಒಂದು ಕಪ್ಪು ಗೆರೆ ಇರುತ್ತದೆ. ಈ ಜಾತಿಯನ್ನು ಹಿಡಿಯಲು ಬಲವಾದ ಗುರುತುಗಳಲ್ಲಿ ಇದೊಂದು. ತೊಂದರೆ ಏನೆಂದರೆ ಅದು ಕೆಳಗಿದೆ.

ಮಗುಚಿ ಹಾಕಿ ನೋಡುವ ಅಭ್ಯಾಸ ಕೆಲವರಿಗಿದೆ. ಬೇಡ. ಬಂಡೆಯಿಂದ ಬಿಡಿಸಿದ ಸ್ಲಗ್ ಅಲೆಯ ಹೊಡೆತಕ್ಕೆ ಎಲ್ಲೋ ಹೋಗಿ ಬೀಳಬಹುದು, ತಾನು ತಿನ್ನುತ್ತಿದ್ದ ಸ್ಪಂಜಿನಿಂದ (ಬಂಡೆಗೆ ಅಂಟಿ ಬದುಕುವ ಕಡಲ ಪ್ರಾಣಿ) ದೂರವಾಗಬಹುದು. ಜೊತೆಗೆ ಹಿಡಿದ ಕೂಡಲೇ ಅದು ವಿಷದ ಲೋಳೆ ಬಿಡುತ್ತದೆ. ನೀವು ಮಾಡಬೇಕಾದದ್ದು ಕಾಯುವುದು ಮಾತ್ರ.

ಹವಳದ ದಿಬ್ಬ ಸಪಾಟು ನೆಲವಲ್ಲ ಅಲ್ವಾ? ತೆವಳುತ್ತಾ ತೆವಳುತ್ತಾ ಸ್ಲಗ್ ಯಾವುದಾದರೂ ಬಂಡೆಯ ಅಂಚಿಗೆ ಬರುತ್ತದೆ. ಅಲ್ಲಿ ಅದು ಮೈಯ ಮುಂಭಾಗವನ್ನು ನೀರಿಗೆ ಚಾಚಿ, ಮುಂದೆ ನೆಲ ಸಿಗುತ್ತದಾ ಎಂದು ಅತ್ತಿತ್ತ ತಡಕುತ್ತದೆ. ಆಗ ಅಂಚಿನ ಕೆಳಗಿನ ಮಟ್ಟಕ್ಕೆ ಇಳಿದು, ಟಾರ್ಚನ್ನು ಓರೆಯಾಗಿ ಹಿಡಿದು ಮೇಲಕ್ಕೆ ನೋಡಿ. ಮೊದಲು ಕಾಣುವುದು ಬಾಯಿಯ ಎರಡು ಪಕ್ಕದ ಮೊಂಡು ಮೀಸೆಗಳು. ಅದರ ಹಿಂದೆ ಪಾದದ ತುದಿ. ಪಾದದ ಪಕ್ಕದ ಸಂದಿಯಲ್ಲಿ ಕಿವಿರಿನ ಎಲೆಗಳು. ಪಾದದ ನಡುವೆ ಶಾಯಿಯಲ್ಲಿ ಎಳೆದಂಥ ಕಪ್ಪು ಗೆರೆ ಶುರುವಾಗಿರುತ್ತದೆ. ಸ್ವಲ್ಪ ಹೊತ್ತಿಗೆ ಮುಂಭಾಗ ಬಾಗಿ ಬಂಡೆಯ ಇನ್ನೊಂದು ಮುಖಕ್ಕೆ ಅಂಟಿಕೊಳ್ಳುತ್ತದೆ, ಗೆರೆ ಮರೆಯಾಗುತ್ತದೆ. ಕ್ಯಾಮೆರಾ ಅಷ್ಟರೊಳಗೆ ಸಿದ್ಧವಿರಬೇಕು. ಬರ್ಸ್ಟ್ ಮೋಡ್ ಇದ್ದರೆ ಇಲ್ಲಿ ಬಳಸಿ.

ಕಡಿದಾದ ಗೋಡೆಯಂಥ ಬಂಡೆಗಳಲ್ಲಿ, ಚಾವಣಿಯಂತೆ ಚಾಚಿದ ಹವಳದ ಅಂಚುಗಳಲ್ಲಿ ಇಂಥ ಅವಕಾಶ ಜಾಸ್ತಿ. ಸಪಾಟು ನೆಲದಲ್ಲಿ ಕೂತಿದ್ದರೆ ಅಂಗಾಲಿನ ಆಸೆ ಬಿಟ್ಟು ಉಳಿದ ಗುರುತುಗಳನ್ನು ಚೆನ್ನಾಗಿ ದಾಖಲಿಸಿ.

ಇನ್ನೊಂದು ಮಾತು. ಕಪ್ಪು ಗೆರೆ ಕಂಡಿತು, ಕೆಲಸ ಮುಗಿಯಿತು ಎಂದು ಹೊರಡಬೇಡಿ. ಫಿಲಿಡಿಯಾ ಎಲಿಗನ್ಸ್ ಎಂಬ ದಾಯಾದಿಗೂ ಅಂಗಾಲಲ್ಲಿ ಕಪ್ಪು ಗೆರೆ ಇದೆ.

ಹಂತ 6: ದಾಯಾದಿಗಳನ್ನು ಬೇರೆ ಮಾಡುವುದು

*ಫಿಲಿಡಿಯಾ ಕೊಯ್ಲೆಸ್ಟಿಸ್.* ವೆರಿಕೋಸಾ ಎಂದು ತಪ್ಪು ತಿಳಿಯಲು ಅತಿ ಹೆಚ್ಚು ಸಾಧ್ಯತೆ ಇರುವುದು ಇದನ್ನೇ. ಇದಕ್ಕೂ ನೀಲಿ, ಕಪ್ಪು, ಹಳದಿ ಮೂರೂ ಇವೆ, ಕೊಂಬೂ ಹಳದಿ. ಆದರೆ ಇದರ ನೀಲಿ ಹೆಚ್ಚು ತಿಳಿ, ಕಪ್ಪು ಗೆರೆಗಳು ಕಡಿಮೆ ಮತ್ತು ನೇರ. ಕೊಂಬುಗಳ ಹಿಂದೆ, ಬೆನ್ನ ನಡುವೆ, ಇಂಗ್ಲಿಷಿನ ವೈ ಅಕ್ಷರದ ಆಕಾರದಲ್ಲಿ ನೀಲಿ ಉಬ್ಬುಗೆರೆ ಇರುತ್ತದೆ. ಬೆನ್ನ ನಡುವಿನ ದೊಡ್ಡ ಹಳದಿ ಗುಬುಟುಗಳು ನಡುವಿನ ಕಪ್ಪು ಪಟ್ಟೆಯೊಳಗೇ ಕೂತಿರುತ್ತವೆ. ಹಳದಿ ನೀಲಿಯ ಮೇಲಾ ಕಪ್ಪಿನ ನಡುವೆಯಾ ಎಂದು ಕೇಳಿದ್ದು ಇದಕ್ಕೇ. ಅಂಗಾಲಲ್ಲಿ ಕಪ್ಪು ಗೆರೆ ಇಲ್ಲ. ಅಂಗಾಲಿನ ಒಂದು ಫೋಟೋ ಸಿಕ್ಕರೆ ವೆರಿಕೋಸಾ, ಕೊಯ್ಲೆಸ್ಟಿಸ್ ಜಗಳ ಅಲ್ಲಿಗೇ ಮುಗಿಯಿತು.

*ಫಿಲಿಡಿಯಾ ಎಲಿಗನ್ಸ್.* ಬುಡದಲ್ಲಿ ಗುಲಾಬಿ ಛಾಯೆಯ ಗುಬುಟುಗಳು. ನಡುವಿನ ಕೆಲವಕ್ಕೆ ಮಾತ್ರ ಹಳದಿ ತುದಿ. ವೆರಿಕೋಸಾದಂತೆ ಗುಬುಟುಗಳು ಅಂಟಿ ಉದ್ದನೆಯ ನೀಲಿಬೂದು ಉಬ್ಬುಗೆರೆಗಳಾಗಿರುವುದಿಲ್ಲ, ಬಿಡಿಬಿಡಿಯಾಗಿರುತ್ತವೆ. ಟಾರ್ಚ್ ಇಲ್ಲದೆ ಗುಲಾಬಿ ಕಾಣದು, ಆಗ ಅಂಗಾಲಿನ ಗೆರೆಯೂ ಸೇರಿ ನಿಮ್ಮನ್ನು ಸುಲಭವಾಗಿ ದಾರಿ ತಪ್ಪಿಸುತ್ತದೆ.

*ಫಿಲಿಡಿಯೆಲ್ಲಾ ಪುಸ್ಟುಲೋಸಾ.* ಕಪ್ಪು ಮೈ, ಗೊಂಚಲು ಗೊಂಚಲಾಗಿ ಗುಲಾಬಿ ಗುಬುಟುಗಳು, ಕೆಲವೊಮ್ಮೆ ಹಸಿರು ಬಿಳುಪು. ಹಳದಿ ಇಲ್ಲವೇ ಇಲ್ಲ. ಕೊಂಬು ಕಪ್ಪು. ವೆರಿಕೋಸಾದಿಂದ ಬೇರೆ ಮಾಡುವುದು ಸುಲಭ. ಆದರೆ ಇದು ಪುಸ್ಟುಲೋಸಾನೇ ಎಂದು ಹೇಳುವುದು ಅಷ್ಟು ಸುಲಭವಲ್ಲ. ಈ ಒಂದೇ ಹೆಸರಿನ ಕೆಳಗೆ ಹಲವು ಜಾತಿಗಳು ಸೇರಿಕೊಂಡಿವೆ ಎಂದು ಡಿಎನ್‌ಎ ಅಧ್ಯಯನಗಳು ತೋರಿಸಿವೆ.

*ಫಿಲಿಡಿಯಾ ಒಸೆಲ್ಲೇಟಾ.* ಮೈಯೇ ಹಳದಿ. ಅದರ ಮೇಲೆ ಕಪ್ಪು ಉಂಗುರಗಳು, ಉಂಗುರದೊಳಗೆ ಗುಬುಟು. ಬಣ್ಣದ ವಿನ್ಯಾಸ ಒಂದಕ್ಕಿಂತ ಒಂದು ಬೇರೆ. ಆದರೂ ವೆರಿಕೋಸಾ ಜೊತೆ ಗೊಂದಲ ಆಗುವುದು ಕಡಿಮೆ.

ಈ ಮನೆತನವನ್ನು ಇನ್ನೂ ಆಳವಾಗಿ ನೋಡಬೇಕೆಂದರೆ ಡೇವಿಡ್ ಬ್ರಂಕ್‌ಹಾರ್ಸ್ಟ್ 1993ರಲ್ಲಿ ಆಸ್ಟ್ರೇಲಿಯನ್ ಮ್ಯೂಸಿಯಂ ಮೂಲಕ ಹೊರತಂದ ಅಧ್ಯಯನದಿಂದ ಶುರುಮಾಡಬಹುದು. ಅದರ ನಂತರ ಕೆಲವು ಹೆಸರುಗಳು ಬದಲಾಗಿವೆ. ಯಾವ ಭಾಗವನ್ನು ಹೇಗೆ ನೋಡಬೇಕು ಅನ್ನುವುದಕ್ಕೆ ಅದು ಇವತ್ತಿಗೂ ಒಳ್ಳೆಯ ಪಾಠ.

ಹಂತ 7: ಗುರುತಿಗೆ ಬೇಕಾದ ಫೋಟೋ

ಚೆಂದದ ಫೋಟೋ ಬೇರೆ, ಗುರುತಿಗೆ ಬೇಕಾದ ಫೋಟೋ ಬೇರೆ. ಹಿನ್ನೆಲೆ ಮಸುಕಾಗಿ, ಒಂದೇ ಕೊಂಬು ಫೋಕಸ್‌ನಲ್ಲಿರುವ ಚಿತ್ರಕ್ಕೆ ಲೈಕ್ ಬರುತ್ತದೆ, ಹೆಸರು ಬರುವುದಿಲ್ಲ.

ಮೊದಲ ಚಿತ್ರ ನೇರ ಮೇಲಿನಿಂದ, ತಲೆಯಿಂದ ಬಾಲದವರೆಗೆ ಪೂರ್ತಿ ಮೈ ಫೋಕಸ್‌ನಲ್ಲಿರಲಿ. ಕಪ್ಪು ಗೆರೆಗಳ ಲೆಕ್ಕ ಸಿಗುವುದು ಇದರಲ್ಲೇ. ಆಮೇಲೆ ಪಕ್ಕದಿಂದ, ಸ್ಲಗ್‌ನ ಮಟ್ಟಕ್ಕೇ ಇಳಿದು. ಇದರಲ್ಲಿ ಗುಬುಟಿನ ಎತ್ತರ, ಆಕಾರ ಗೊತ್ತಾಗುತ್ತದೆ. ಮೂರನೆಯದು ಮುಂದಿನಿಂದ, ಕೊಂಬಿಗೆ. ಅವಕಾಶ ಸಿಕ್ಕರೆ ಅಂಗಾಲು. ಕೊನೆಗೆ ಸ್ವಲ್ಪ ದೂರದಿಂದ ಸುತ್ತಲಿನ ಜಾಗ. ಅದು ಸ್ಪಂಜಿನ ಮೇಲೆ ಕೂತಿದ್ದರೆ ಸ್ಪಂಜಿನದ್ದೂ ಬೇರೆ ಫೋಟೋ ಇರಲಿ. ಫಿಲಿಡಿಯಾಗಳ ಊಟವೇ ಸ್ಪಂಜು. ಇವಕ್ಕೆ ಬೇರೆ ಬಸವನಹುಳುಗಳ ಹಾಗೆ ಕೆರೆದು ತಿನ್ನುವ ಹಲ್ಲಿನ ಪಟ್ಟಿ ಇಲ್ಲ, ಸ್ಪಂಜನ್ನು ಮೆತ್ತಗೆ ಮಾಡಿ ಹೀರಿಕೊಳ್ಳುತ್ತವೆ.

ಫ್ಲ್ಯಾಶ್ ನೇರ ಮೇಲಿನಿಂದ ಬಿದ್ದರೆ ಗುಬುಟುಗಳು ಚಪ್ಪಟೆಯಾಗಿ ಕಾಣುತ್ತವೆ. ಬೆಳಕು ಓರೆಯಾಗಿ ಬರಲಿ. ಮನೆಗೆ ಬಂದ ಮೇಲೆ ಬಣ್ಣ ಜಾಸ್ತಿ ಮಾಡುವ ಫಿಲ್ಟರ್ ಹಾಕಬೇಡಿ. ಬೂದು ಕಡು ನೀಲಿಯಾಗಿ, ವೆರಿಕೋಸಾ ಕೊಯ್ಲೆಸ್ಟಿಸ್ ಆಗಿಬಿಡುತ್ತದೆ.

ಅಳತೆಗೆ ಪಕ್ಕದಲ್ಲಿ ಸ್ಲೇಟಿನ ಅಂಚನ್ನೋ ಪೆನ್ಸಿಲನ್ನೋ ಹಿಡಿದರೆ ಸಾಕು, ತಾಗಿಸಬೇಡಿ. ಹವಳದ ಮೇಲೆ ಮೊಣಕಾಲು ಊರಿ ಫೋಟೋ ತೆಗೆಯುವವರನ್ನು ನೋಡಿದರೆ ನನಗೆ ಸಿಟ್ಟೇ ಬರುತ್ತದೆ. ನಿಲ್ಲಲು ಜಾಗ ಇಲ್ಲದಿದ್ದರೆ ಆ ಫೋಟೋ ಬಿಟ್ಟುಬಿಡಿ.

ವಿಷದ ಬಗ್ಗೆ ಒಂದಿಷ್ಟು

ಗುರುತಿಸಲು ಇದು ಬೇಕಾಗಿಲ್ಲ, ಆದರೆ ಬಿಡಲು ಮನಸ್ಸಾಗದ ಕಥೆ. ವೆರಿಕೋಸಾ ಬಿಡುವ ಲೋಳೆ ಮೀನು, ಸೀಗಡಿ ಜಾತಿಯ ಪ್ರಾಣಿಗಳನ್ನು ಕೊಲ್ಲುತ್ತದೆ ಎಂದು 1963ರಲ್ಲಿ ಆರ್. ಇ. ಜೊಹಾನೆಸ್ ಪ್ರಕಟಿಸಿದರು. ಆ ವಿಷ ಯಾವುದು ಎಂದು ಹವಾಯಿಯಲ್ಲಿ ಪಾಲ್ ಶೋಯರ್ ಅವರ ತಂಡ ಹುಡುಕಿತು. 1975ರಲ್ಲಿ ಉತ್ತರ ಸಿಕ್ಕಿತು: 9-ಐಸೊಸೈಯನೊಪುಪುಕಿಯನೇನ್. ನಾಲಿಗೆ ಹೊರಳದ ಈ ಹೆಸರು ಬಂದದ್ದು ಓಆಹು ದ್ವೀಪದ ಪುಪುಕೆಯಾ ಎಂಬ ಊರಿನಿಂದ. ಇನ್ನೂ ಸ್ವಾರಸ್ಯ ಏನೆಂದರೆ ಆ ವಿಷ ಸ್ಲಗ್ ತಾನೇ ತಯಾರಿಸಿದ್ದಲ್ಲ. ಅದು ತಿನ್ನುವ ಸ್ಪಂಜಿನಲ್ಲೂ ಅದೇ ವಸ್ತು ಸಿಕ್ಕಿತು. ಸ್ಪಂಜು ತನ್ನ ರಕ್ಷಣೆಗೆ ಇಟ್ಟುಕೊಂಡಿದ್ದನ್ನು ತಿಂದು, ಅದನ್ನೇ ತನ್ನ ರಕ್ಷಣೆಗೆ ಬಳಸುವ ಪ್ರಾಣಿ ಇದು. ಹಗಲಲ್ಲಿ ಬಯಲಲ್ಲಿ ತೆವಳುವ ಧೈರ್ಯ ಇದಕ್ಕೆ ಬಂದದ್ದು ಇಲ್ಲಿಂದಲೇ.

ನಮಗೆ ಇದರಿಂದ ತಿಳಿಯಬೇಕಾದದ್ದು ಇಷ್ಟು: ಕೈಯಿಂದ ಮುಟ್ಟಬೇಡಿ. ನೋಡೋಣ ಎಂದು ಬಕೆಟ್ಟಿನಲ್ಲೋ ಅಕ್ವೇರಿಯಂನಲ್ಲೋ ಮೀನಿನ ಜೊತೆ ಬಿಡಬೇಡಿ, ಮೀನು ಸಾಯುತ್ತದೆ. ಸ್ಪಂಜು ಸಿಗದೆ ಸ್ಲಗ್ ಕೂಡ ಉಳಿಯುವುದಿಲ್ಲ.

ಹಂತ 8: ದಾಖಲಿಸುವುದು

ದಡಕ್ಕೆ ಬಂದ ಕೂಡಲೇ, ನೆನಪು ಹಸಿಯಾಗಿರುವಾಗಲೇ ಬರೆಯಿರಿ. ದಿನಾಂಕ, ಜಾಗ, ಆಳ, ಅಂದಾಜು ಉದ್ದ, ಏನರ ಮೇಲೆ ಕೂತಿತ್ತು, ಕೊಂಬಿನ ಬಣ್ಣ, ಅಂಗಾಲು ಕಂಡಿತೋ ಇಲ್ಲವೋ. ಅಂಗಾಲು ಕಾಣಲಿಲ್ಲ ಎಂದು ಬರೆಯುವುದಕ್ಕೂ ಬೆಲೆ ಇದೆ. ಗೆರೆ ಇರಲಿಲ್ಲ ಎಂದು ಬೇರೆಯವರು ಅರ್ಥ ಮಾಡಿಕೊಳ್ಳುವುದು ತಪ್ಪುತ್ತದೆ.

ಜನ ತಾವು ಕಂಡ ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ಎಂಬ ಆ್ಯಪ್‌ಗೆ ಹಾಕುವುದಾದರೆ ಎಲ್ಲ ಕೋನದ ಚಿತ್ರಗಳನ್ನೂ ಒಂದೇ ದಾಖಲೆಯಲ್ಲಿ ಹಾಕಿ. ಒಂದೇ ಪ್ರಾಣಿಯ ಚಿತ್ರಗಳು ಮಾತ್ರ ಇರಬೇಕು. ಪಕ್ಕದಲ್ಲೇ ಇದ್ದ ಇನ್ನೊಂದರ ಅಂಗಾಲನ್ನು ಇದಕ್ಕೆ ಸೇರಿಸಬೇಡಿ, ಫಿಲಿಡಿಯಾಗಳು ಬೇರೆ ಬೇರೆ ಜಾತಿಯವು ಒಂದೇ ಬಂಡೆಯಲ್ಲಿ ಸಿಗುತ್ತವೆ. ಆ್ಯಪ್ ತಾನೇ ಸೂಚಿಸುವ ಹೆಸರನ್ನು ಕಣ್ಣುಮುಚ್ಚಿ ಒಪ್ಪಬೇಡಿ. ಅದು ನೋಡುವುದು ನೀವು ಕೊಟ್ಟ ಫೋಟೋವನ್ನು, ಅದರಲ್ಲಿ ಬಹುತೇಕ ಬೆನ್ನು ಮಾತ್ರ ಇರುತ್ತದೆ.

ಹೆಸರು ಬರೆಯುವಾಗ ನಾನು ಇಟ್ಟುಕೊಂಡಿರುವ ಲೆಕ್ಕ ಹೀಗಿದೆ. ಹಳದಿ ಕೊಂಬು, ನೀಲಿಬೂದು ಉಬ್ಬುಗೆರೆಯ ಮೇಲೆ ಹಳದಿ ತುದಿಯ ಗುಬುಟು, ಅಂಗಾಲಲ್ಲಿ ಕಪ್ಪು ಗೆರೆ, ಮೂರೂ ಕಂಡರೆ ಫಿಲಿಡಿಯಾ ವೆರಿಕೋಸಾ ಎಂದು ಪೂರ್ತಿ ಹೆಸರು. ಅಂಗಾಲು ಕಾಣದಿದ್ದರೂ ದೊಡ್ಡ ಪ್ರಾಣಿ, ಹಲವು ಉಬ್ಬುಗೆರೆ, ವೈ ಆಕಾರ ಇಲ್ಲ ಎಂದು ಮೇಲಿನಿಂದ ತೆಗೆದ ಚಿತ್ರ ಸ್ಪಷ್ಟವಾಗಿ ಹೇಳುತ್ತಿದ್ದರೆ ಆಗಲೂ ವೆರಿಕೋಸಾ, ಆದರೆ ಟಿಪ್ಪಣಿಯಲ್ಲಿ ಅಂಗಾಲು ನೋಡಿಲ್ಲ ಎಂಬ ಒಂದು ಸಾಲು. ಮರಿಯಾಗಿದ್ದರೆ, ಅಥವಾ ಪಕ್ಕದಿಂದ ತೆಗೆದ ಒಂದೇ ಚಿತ್ರ ಇದ್ದರೆ, ಫಿಲಿಡಿಯಾ ಎಂದು ಕುಲದ ಹೆಸರಿಗೇ ನಿಲ್ಲಿಸುತ್ತೇನೆ. ಕೊಂಬೂ ಕಾಣದಿದ್ದರೆ ಫಿಲಿಡಿಡೇ ಎಂದು ಮನೆತನದ ಹೆಸರು ಮಾತ್ರ. ಅದೇ ಜಾಗದಲ್ಲಿ ಮರುದಿನವೂ ಡೈವ್ ಇದ್ದರೆ ಆ ಬಂಡೆಯ ಗುರುತು ಇಟ್ಟುಕೊಂಡು ಮೊದಲು ಅಲ್ಲಿಗೇ ಹೋಗಿ ನೋಡಿ. ಇವು ನಿಧಾನದ ಪ್ರಾಣಿಗಳು, ತುಂಬಾ ದೂರ ಹೋಗಿರುವುದಿಲ್ಲ.